ಸದ್ದಿಲ್ಲದಿದ್ದರೂ ಕಿವಿ ಗುಂಯ್‌ಗುಡುವುದೇಕೆ?

ಪ್ರಶ್ನೆ: ಹಗಲೆಲ್ಲ ಜಲ್ಲಿ ಕ್ರಷರ್‌ನಲ್ಲಿ ಕೆಲಸ. ರಾತ್ರಿ ಮಲಗಿದರೆ ಕಿವಿಯೊಳಗೆ ಜೀರುಂಡೆ ಕೂಗಿದಂತಾಗುತ್ತದೆ. ಇದು ನನ್ನ ಭ್ರಮೆಯೇ?
– ಪಾಂಡವಪುರದ ಓದುಗರು

ಉತ್ತರ: ಖಂಡಿತ ಭ್ರಮೆಯಲ್ಲ. ವೈದ್ಯರು ಇದನ್ನು ಟಿನಿಟಸ್ ಎನ್ನುತ್ತಾರೆ. ಸದ್ದನ್ನು ನರಸಂಕೇತವಾಗಿ ಬದಲಿಸುವ ರೋಮಕೋಶಗಳು ಒಳಗಿವಿಯಲ್ಲಿವೆ. ಕ್ರಷರ್, ಸಿಡಿಮದ್ದುಗಳ ಅಬ್ಬರಕ್ಕೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮಿದುಳು ರೇಡಿಯೊ ವಾಲ್ಯೂಮ್ ಏರಿಸಿದಂತೆ ತನ್ನ ಗ್ರಹಿಕೆ ಹೆಚ್ಚಿಸಿಕೊಳ್ಳುತ್ತದೆ. ಆಗ ನರಗಳ ಚಟುವಟಿಕೆಯೇ ಸದ್ದಾಗಿ ಕೇಳಿಸುತ್ತದೆ ಎಂಬುದು ಹಲವು ಸಂಶೋಧಕರ ವಿವರಣೆ. 1953ರಲ್ಲಿ ಅಮೆರಿಕದ ಸಂಶೋಧಕರಾದ ಹೆಲ್ಲರ್ ಮತ್ತು ಬರ್ಗ್‌ಮನ್, ಕಿವಿ ಚೆನ್ನಾಗಿ ಕೇಳುವ 80 ಜನರನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿದರು. ಶೇ 94ರಷ್ಟು ಮಂದಿಗೆ ಏನಾದರೊಂದು ಸದ್ದು ಕೇಳಿಸಿತು! ರಾತ್ರಿ ನಿಮಗೆ ಕಾಟ ಹೆಚ್ಚೆನಿಸುವುದೂ ಸುತ್ತಲಿನ ಮೌನದಿಂದಲೇ.

ಇದನ್ನು ಪೂರ್ತಿ ಅಳಿಸುವ ಮಾತ್ರೆ ಇನ್ನೂ ಬಂದಿಲ್ಲ. ದಯವಿಟ್ಟು ಕಿವಿಗೆ ಎಣ್ಣೆ ಹಾಕಬೇಡಿ. ಶ್ರವಣ ಕುಗ್ಗಿದ್ದರೆ ಶ್ರವಣಸಾಧನ, ಮಲಗುವಾಗ ಫ್ಯಾನಿನ ಮೆಲುಸದ್ದು ನೆರವಾಗುತ್ತವೆ. ಸದ್ದಿನ ಬಗೆಗಿನ ಆತಂಕ ಇಳಿಸುವ ಅರಿವಿನ ವರ್ತನಾ ಚಿಕಿತ್ಸೆಗೆ ಸಂಶೋಧನೆಯ ಬೆಂಬಲ ಚೆನ್ನಾಗಿದೆ.

ಕಿವಿ ತಪಾಸಣೆಗೆ ನಿಮಗೂ ಶ್ರೀರಂಗಪಟ್ಟಣದವರಿಗೂ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರ; ನಾಗಮಂಗಲ, ಕೆ.ಆರ್. ಪೇಟೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇದೆ. ಒಂದೇ ಕಿವಿಯಲ್ಲಿ ಸದ್ದು, ನಾಡಿಬಡಿತದ ಜೊತೆ ಮಿಡಿಯುವ ಸದ್ದು ಇದ್ದರೆ ಪರೀಕ್ಷೆ ಬೇಕೇ ಬೇಕು. ದಿಢೀರ್ ಕಿವುಡಾದರೆ ಅಂದೇ ಹೊರಡಿ. ಮತ್ತೆ, ವಿಪರೀತ ಸದ್ದಿರುವಲ್ಲಿ ದಿನವಿಡೀ ದುಡಿಯುವವರಿಗೆ ಕಿವಿರಕ್ಷಕ ಕೊಡಬೇಕಾದ್ದು ಮಾಲೀಕರ ಹೊಣೆ. ಸಂಕೋಚಪಡದೆ ಕೇಳಿ ಪಡೆಯಿರಿ.