ಓದುವ ಹುಡುಗರು ನಮ್ಮ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆಯೇ?

ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಮನೆಗಳಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮೊದಲು ಏಳುವ ಪ್ರಶ್ನೆ, ಕೃಷ್ಣಗಿರಿಗೋ ಬೆಂಗಳೂರಿಗೋ ಎಂಬುದು. ಅತ್ತಿಬೆಲೆ ದಾಟಿದರೆ ಬೊಮ್ಮಸಂದ್ರದ ಆಸ್ಪತ್ರೆಗಳು, ಇನ್ನೂ ಮುಂದೆ ಹೋದರೆ ಸೇಂಟ್ ಜಾನ್ಸ್, ನಿಮ್ಹಾನ್ಸ್. ಮಾತಿನ ನಡುವೆ ಮನೆಯ ಹಿರಿಯರೊಬ್ಬರು ಹೇಳಿಯೇ ಹೇಳುತ್ತಾರೆ: "ಕಾಲೇಜು ಆಸ್ಪತ್ರೆ ಬ್ಯಾಡ ಕಣಪ್ಪ, ಅಲ್ಲಿ ಓದೋ ಹುಡುಗ್ರು ನಮ್ ಮೇಲೆ ಕೈ ಪಳಗಿಸ್ಕೋತಾರೆ."

ಈ ಭಯವನ್ನು ಈಗ ಗಟ್ಟಿಯಾಗಿ ಪರಿಶೀಲಿಸಬೇಕಾಗಿದೆ. ಏಕೆಂದರೆ ಕಾಲೇಜು ಆಸ್ಪತ್ರೆಗಳು ನಮ್ಮ ಸುತ್ತಲೇ ಎದ್ದಿವೆ. ಧರ್ಮಪುರಿಯ ಸರ್ಕಾರಿ ಮೆಡಿಕಲ್ ಕಾಲೇಜು 2008ರದು. 2022ರ ಜನವರಿ 12ರಂದು ತಮಿಳುನಾಡಿನಲ್ಲಿ ಒಂದೇ ದಿನ ಉದ್ಘಾಟನೆಯಾದ 11 ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಕೃಷ್ಣಗಿರಿಯದೂ ಒಂದು, ವರ್ಷಕ್ಕೆ 150 ಸೀಟು. ಹೊಸೂರಿನಲ್ಲಿ ಖಾಸಗಿ ಕಾಲೇಜಿದೆ, ಗಡಿಯಾಚೆ ಅತ್ತಿಬೆಲೆಯ ಹತ್ತಿರ ಒಂದಿದೆ, ಆಂಧ್ರದ ಕುಪ್ಪಂನಲ್ಲಿ ಇನ್ನೊಂದು. ಇಲ್ಲಿನ ಬಡವರು ಮುಂದಿನ ಹಲವು ವರ್ಷ ಇಂಥ ಆಸ್ಪತ್ರೆಗಳಿಗೇ ಹೋಗಬೇಕು.

ಮೊದಲು ಅಲ್ಲಿ ಬಿಳಿ ಕೋಟು ಹಾಕಿಕೊಂಡು ಓಡಾಡುವವರು ಯಾರು ಎಂಬುದು ತಿಳಿದಿರಲಿ. ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಓದುತ್ತಿರುವವರಿಗೆ ಔಷಧಿ ಬರೆದುಕೊಡುವ ಅಧಿಕಾರ ಇಲ್ಲವೇ ಇಲ್ಲ. ನಾವು ಹೌಸ್ ಸರ್ಜನ್ ಎಂದು ಕರೆಯುವ ಇಂಟರ್ನ್‌ಗಳದು ತಾತ್ಕಾಲಿಕ ನೋಂದಣಿ. ಹಿರಿಯ ವೈದ್ಯರ ಉಸ್ತುವಾರಿಯಲ್ಲೇ ಕೆಲಸ ಮಾಡಬೇಕು. ಎಂಡಿ, ಎಂಎಸ್ ಓದುವ ಪಿಜಿಗಳು ಆಗಲೇ ಎಂಬಿಬಿಎಸ್ ಮುಗಿಸಿದ ಡಾಕ್ಟರುಗಳು. ವಾರ್ಡಿನಲ್ಲಿ ಎಲ್ಲರೂ ಒಂದೇ ತರಹ ಕಾಣುವುದರಿಂದ ರೋಗಿಗೆ ಗೊಂದಲವಾಗುವುದು ಸಹಜ. "ನೀವು ಓದ್ತಾ ಇರೋರಾ, ಡಾಕ್ಟ್ರಾ?" ಎಂದು ಕೇಳಬಹುದು, ಅದರಲ್ಲಿ ಅವಮರ್ಯಾದೆ ಏನೂ ಇಲ್ಲ. ವಿದ್ಯಾರ್ಥಿ ಮುಟ್ಟಿ ನೋಡುವುದು ಬೇಡವೆನಿಸಿದರೆ ಬೇಡ ಎನ್ನುವ ಹಕ್ಕೂ ರೋಗಿಗಿದೆ.

ಇನ್ನು ಜೀವದ ಲೆಕ್ಕ. ಬೋಧನಾ ಆಸ್ಪತ್ರೆಯಲ್ಲಿ ಸಾವು ಹೆಚ್ಚೇ ಎಂದು ಅಮೆರಿಕದಲ್ಲಿ ಸರ್ಕಾರಿ ವಿಮೆಯಿರುವ ವಯಸ್ಸಾದವರ 2 ಕೋಟಿಗೂ ಮೀರಿದ ದಾಖಲಾತಿಗಳನ್ನು ತೆಗೆದು ನೋಡಿದರು. ಫಲಿತಾಂಶ 2017ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಬಂತು. ಕಾಯಿಲೆಯ ತೀವ್ರತೆ ಮುಂತಾದ ವ್ಯತ್ಯಾಸಗಳನ್ನು ಸರಿದೂಗಿಸಿದ ಮೇಲೆ, 30 ದಿನಗಳೊಳಗಿನ ಸಾವು ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಶೇ. 8.3, ಬೋಧನೆಯೇ ಇಲ್ಲದ ಆಸ್ಪತ್ರೆಗಳಲ್ಲಿ ಶೇ. 9.5. ಅಮೆರಿಕದ ಅಂಕಿಯನ್ನು ಕೃಷ್ಣಗಿರಿಗೆ ಹಾಗೆಯೇ ತಂದು ಅಂಟಿಸಲು ಬರುವುದಿಲ್ಲ, ನಿಜ. ಆದರೆ ಓದುವ ಹುಡುಗರಿರುವ ಕಡೆ ಅಪಾಯ ಹೆಚ್ಚು ಎಂಬ ಮಾತಿಗೆ ಅಲ್ಲಿ ಆಧಾರ ಸಿಗಲಿಲ್ಲ. ಒಬ್ಬ ರೋಗಿಯನ್ನು ಇಂಟರ್ನ್, ಪಿಜಿ, ಪ್ರೊಫೆಸರ್ ಹೀಗೆ ಹಲವರು ನೋಡುವಾಗ ಒಬ್ಬರ ಕಣ್ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳುವ ಅವಕಾಶವಿದೆ.

"ಸುಮ್ಮನೆ ಕೇಳಿದ್ದೇ ಕೇಳ್ತಾರೆ, ಟೈಮ್ ವೇಸ್ಟು" ಎಂಬ ದೂರು ಇನ್ನೊಂದು. ಇದಕ್ಕೆ ಉತ್ತರ ವಾರ್ಡಿನಲ್ಲೇ ಇದೆ. ವಿದ್ಯಾರ್ಥಿನಿ ಸ್ಟೂಲ್ ಎಳೆದುಕೊಂಡು ಹಾಸಿಗೆಯ ಬಲಗಡೆ ಕೂರುತ್ತಾಳೆ. ನೋವು ಯಾವಾಗ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಊಟ ಮಾಡಿದರೆ ಜಾಸ್ತಿಯೋ ಕಡಿಮೆಯೋ, ರಾತ್ರಿ ಎಚ್ಚರವಾಗುತ್ತದೆಯೋ. ಆಮೇಲೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆ ಮುಟ್ಟುತ್ತಾಳೆ. ಕೈ ಹೊಟ್ಟೆಯ ಮೇಲಿದ್ದರೂ ಕಣ್ಣು ರೋಗಿಯ ಮುಖದ ಮೇಲಿರಬೇಕು, ಏಕೆಂದರೆ ನೋವು ಮೊದಲು ಕಾಣುವುದು ಅಲ್ಲಿ. 1975ರಲ್ಲಿ ಬ್ರಿಟನ್ನಿನ ವೈದ್ಯರ ತಂಡವೊಂದು 80 ಹೊಸ ಹೊರರೋಗಿಗಳನ್ನು ಗಮನಿಸಿತು. 66 ಮಂದಿಯಲ್ಲಿ ಕೊನೆಗೆ ಖಚಿತವಾದ ಕಾಯಿಲೆ, ಕಳಿಸಿದ ಡಾಕ್ಟರರ ಪತ್ರ ಓದಿ ರೋಗಿಯ ಮಾತು ಕೇಳಿದಾಗಲೇ ಗೊತ್ತಾಗಿತ್ತು. ಮೈ ಪರೀಕ್ಷೆಯಿಂದ ತೀರ್ಮಾನವಾದದ್ದು ಏಳು ಮಂದಿಯಲ್ಲಿ, ಲ್ಯಾಬ್ ಪರೀಕ್ಷೆಗಳಿಂದ ಇನ್ನೇಳು ಮಂದಿಯಲ್ಲಿ. ಸ್ಕ್ಯಾನ್ ಬಂದ ಮೇಲೆ ಕಾಲ ಬದಲಾಗಿದೆ. ಆದರೂ ಯಾವ ಸ್ಕ್ಯಾನ್ ಬೇಕು ಎಂದು ನಿರ್ಧರಿಸುವುದಕ್ಕೇ ರೋಗಿಯ ಮಾತು ಬೇಕು.

ನಮ್ಮ ಗಡಿಯ ನಿಜವಾದ ತೊಡಕು ಇಲ್ಲಿದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ವಿದ್ಯಾರ್ಥಿ ಮಧುರೆಯವನೋ ತಿರುನೆಲ್ವೇಲಿಯವನೋ ಆಗಿರಬಹುದು. ಮುಂದೆ ಮಲಗಿರುವ ತಳಿಯ ಅಜ್ಜಿಗೆ ಬರುವುದು ಕನ್ನಡ, ಪಕ್ಕದ ಹಾಸಿಗೆಯವರಿಗೆ ತೆಲುಗು. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮದಲ್ಲಿ ಮೊದಲ ವರ್ಷದಿಂದಲೇ ರೋಗಿಯ ಒಡನಾಟ ಇದೆ, ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೂ ಸಮಯವಿದೆ. ಕೃಷ್ಣಗಿರಿ ಜಿಲ್ಲೆಯಲ್ಲಿ ಸ್ಥಳೀಯ ಭಾಷೆ ಎಂದರೆ ತಮಿಳಿನ ಜೊತೆ ಕನ್ನಡವೂ ತೆಲುಗೂ ಸೇರಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಕಾಯಿಲೆ ಹೇಳಿಕೊಳ್ಳಲು ಇಪ್ಪತ್ತು ಪ್ರಶ್ನೆಗಳಷ್ಟು ಕನ್ನಡ ಕಲಿಸುವುದು ದೊಡ್ಡ ಕೆಲಸವೇನಲ್ಲ.

ಒಂದು ಚಿಕ್ಕ ಕಟ್ಟುಕತೆಯನ್ನೂ ಇಲ್ಲೇ ಮುಗಿಸಿಬಿಡೋಣ. ಡಾಕ್ಟರಿ ಓದುವವರು ಓದಿದ ಕಾಯಿಲೆಯೆಲ್ಲ ತಮಗೇ ಬಂದಿದೆ ಎಂದುಕೊಳ್ಳುತ್ತಾರಂತೆ. 1960ರ ದಶಕದಲ್ಲಿ ಅಮೆರಿಕದ ಒಂದು ಅಧ್ಯಯನ ಹಾಗೆ ಹೇಳಿತ್ತು. ಆಮೇಲೆ ಬೇರೆ ವಿದ್ಯಾರ್ಥಿಗಳ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ, 2004ರ ಬ್ರಿಟಿಷ್ ಅಧ್ಯಯನವೂ ಸೇರಿ, ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಈ ಆತಂಕ ಹೆಚ್ಚೇನೂ ಕಾಣಲಿಲ್ಲ.

ಅವರ ನಿಜವಾದ ಸಂಕಟ ಬೇರೆ. "ಸೀಟು ಸಿಕ್ಕಿತು, ಇನ್ನೇನು ಚಿಂತೆ" ಎಂದು ಊರಿಗೆಲ್ಲ ಸಿಹಿ ಹಂಚುತ್ತೇವೆ. 43 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ 'ಜಾಮಾ'ದಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಶೇ. 27ರಷ್ಟು ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ಹಾಗೆ ಬಳಲಿದವರಲ್ಲಿ ಚಿಕಿತ್ಸೆಗೆ ಹೋದವರು ಶೇ. 16ರಷ್ಟು ಮಾತ್ರ. ನಮ್ಮ ದೇಶದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಕಾರ್ಯಪಡೆ ನೇಮಿಸಿತು. ಅಧ್ಯಕ್ಷರು ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ. 2024ರ ಅದರ ವರದಿಗಾಗಿ 25,000ಕ್ಕೂ ಹೆಚ್ಚು ಎಂಬಿಬಿಎಸ್ ವಿದ್ಯಾರ್ಥಿಗಳು ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದರು; ತಮಗೆ ಮಾನಸಿಕ ಕಾಯಿಲೆ ಇರುವುದು ಪತ್ತೆಯಾಗಿದೆ ಎಂದವರು ಶೇ. 27.8. ತಾವಾಗಿ ಮುಂದೆ ಬಂದು ಉತ್ತರಿಸಿದವರ ಲೆಕ್ಕ ಇದು, ಎಲ್ಲ ವಿದ್ಯಾರ್ಥಿಗಳದೂ ಎನ್ನಲಾಗದು. ಆದರೂ ಎದೆ ಝಲ್ಲೆನ್ನುತ್ತದೆ. ಪಿಜಿಗಳ ಕೆಲಸ ವಾರಕ್ಕೆ 74 ಗಂಟೆ ಮೀರಬಾರದು ಎಂದು ಕಾರ್ಯಪಡೆ ಶಿಫಾರಸು ಮಾಡಬೇಕಾಯಿತು. ಮೀರಬಾರದ ಮಿತಿಯೇ 74 ಎಂದರೆ ಈಗಿನ ದುಡಿತ ಎಷ್ಟಿರಬೇಕು, ಯೋಚಿಸಿ.

ಕಾಲೇಜಿನಿಂದ ಮಗ ಫೋನ್ ಮಾಡಿ "ಆಗ್ತಾ ಇಲ್ಲಮ್ಮ" ಎಂದರೆ ಅದು ಸೋಮಾರಿತನದ ಮಾತಲ್ಲ. "ಅಷ್ಟು ಕಷ್ಟಪಟ್ಟು ಸೇರಿಸಿದ್ದೀವಿ, ಮಾನ ಕಳೀಬೇಡ" ಎಂಬ ಉತ್ತರ ಅವನ ಬಾಯಿ ಮುಚ್ಚಿಸುತ್ತದೆ, ಸಂಕಟ ಅಲ್ಲೇ ಉಳಿಯುತ್ತದೆ. ಬೈಯದೆ ಕೂತು ಕೇಳಿ, ಬೇಕಾದರೆ ಹೋಗಿ ನೋಡಿಕೊಂಡು ಬನ್ನಿ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಿಗುತ್ತದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು.

ಕೊನೆಯದು ಮಾರ್ಕಿನ ಮಾತು. ನೀಟ್‌ನಲ್ಲಿ ಹೆಚ್ಚು ಅಂಕ ತೆಗೆದವರೇ ಒಳ್ಳೆಯ ಡಾಕ್ಟರಾಗುತ್ತಾರೆ ಎಂಬ ನಂಬಿಕೆಯಿಂದಲೇ, ಸರ್ಕಾರಿ ಶಾಲೆಯಿಂದ ಮೀಸಲಾತಿಯಲ್ಲಿ ಬಂದವರನ್ನು ಕೀಳಾಗಿ ನೋಡುತ್ತಾರೆ. ಚೆನ್ನಾಗಿ ಓದಿದವರು ಮುಂದಿನ ಪರೀಕ್ಷೆಗಳಲ್ಲೂ ಚೆನ್ನಾಗಿ ಬರೆಯುತ್ತಾರೆ, ಅದು ಸರಿ. ಆದರೆ ಅಮೆರಿಕದ ಮೂರು ಮೆಡಿಕಲ್ ಶಾಲೆಗಳಲ್ಲಿ ಓದಿ, ಮುಂದೆ ವೈದ್ಯಕೀಯ ಮಂಡಳಿಯಿಂದ ಶಿಸ್ತುಕ್ರಮಕ್ಕೆ ಒಳಗಾದ 235 ಡಾಕ್ಟರುಗಳ ಹಳೆಯ ಕಡತಗಳನ್ನು 2005ರಲ್ಲಿ ತೆರೆದು ನೋಡಿದಾಗ, ಓದುವಾಗಿನ ಬೇಜವಾಬ್ದಾರಿ, ತಪ್ಪು ತಿದ್ದಿಕೊಳ್ಳದ ಹಟ ಇಂಥ ನಡವಳಿಕೆಯೇ ಎದ್ದು ಕಂಡಿತು. ತೊಂದರೆಯಲ್ಲಿ ಅಂಥ ನಡವಳಿಕೆಯ ಪಾಲು ಶೇ. 26 ಎಂದು ಲೆಕ್ಕ ಬಂತು. ಪ್ರವೇಶ ಪರೀಕ್ಷೆಯ ಕಡಿಮೆ ಅಂಕದ್ದು ಶೇ. 1.

ತಮಿಳುನಾಡು 2020ರಲ್ಲಿ ತಂದ ಕಾಯ್ದೆಯಂತೆ 6ರಿಂದ 12ನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಶೇ. 7.5 ಸೀಟು. ಅವರೂ ನೀಟ್‌ನಲ್ಲಿ ಅರ್ಹರಾಗಲೇಬೇಕು. ನಮಗೆ ಇದು ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ಫಿಲಡೆಲ್ಫಿಯಾದ ಜೆಫರ್ಸನ್ ಮೆಡಿಕಲ್ ಕಾಲೇಜು 1974ರಿಂದ ಹಳ್ಳಿಯ ಹಿನ್ನೆಲೆಯವರನ್ನು ಆರಿಸಿ ಓದಿಸಿ, ದಶಕಗಳ ಕಾಲ ಅವರು ಎಲ್ಲಿ ಕೆಲಸ ಮಾಡುತ್ತಾರೆಂದು ಲೆಕ್ಕ ಇಟ್ಟಿತು. ಹಳ್ಳಿಯಲ್ಲಿ ಬೆಳೆದವರೇ ಹಳ್ಳಿಗೆ ಹೋಗಿ ಉಳಿಯುವುದು ಹೆಚ್ಚು ಎಂಬುದು ಸ್ಪಷ್ಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ 2010ರಲ್ಲಿ ಇದನ್ನೇ ಶಿಫಾರಸು ಮಾಡಿತು. ಅಂಚೆಟ್ಟಿಯ ಬೆಟ್ಟದೂರುಗಳಿಗೆ ಡಾಕ್ಟರು ಬೇಕಾದರೆ ಆ ಕಡೆಯ ಮಕ್ಕಳು ಕಾಲೇಜಿಗೆ ಸೇರಬೇಕು.

ಈ ದಾರಿಯಲ್ಲಿ ನಮ್ಮವರು ಎಡವುವ ಜಾಗವೊಂದಿದೆ. ನೀಟ್ 2017ರಿಂದ ಕನ್ನಡದಲ್ಲೂ ಇದೆ ಎಂದು ನಂಬಿ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದೊಳಗಿನ ಕೇಂದ್ರಗಳಲ್ಲಿ. ತಮಿಳುನಾಡಿನ ಕೇಂದ್ರದಲ್ಲಿ ಕೂತರೆ ತಮಿಳು, ಇಂಗ್ಲಿಷ್‌ನಂಥವನ್ನೇ ಆರಿಸಬೇಕು. ಅರ್ಜಿ ತುಂಬುವ ದಿನವೇ ಮೇಷ್ಟ್ರು, ಮನೆಯವರು ಜೊತೆಗೆ ಕೂತು ಭಾಷೆ, ಕೇಂದ್ರ ಎರಡನ್ನೂ ನೋಡಬೇಕು. ಪರೀಕ್ಷೆಯ ದಿನ ಅದನ್ನು ಬದಲಾಯಿಸಲು ಬರುವುದಿಲ್ಲ.