ಅಕ್ಕಲಕೋಟದ ಠರಾವು ಹುಟ್ಟಿದ ಬಗೆ

2022ರ ಡಿಸೆಂಬರಿನಲ್ಲಿ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ 11 ಗ್ರಾಮ ಪಂಚಾಯಿತಿಗಳು ಠರಾವು ಹೊರಡಿಸಿದವು. ರಸ್ತೆ, ನೀರು, ಕರೆಂಟು ಕೊಡಿ. ಆಗದಿದ್ದರೆ ಕರ್ನಾಟಕಕ್ಕೆ ಹೋಗಲು ಬಿಡಿ ಎಂಬುದು ಅದರ ಸಾರ. ಎರಡೂ ರಾಜ್ಯಗಳ ರಾಜಕಾರಣಿಗಳಿಗೆ ಕೇಳಿಸಿದ್ದು ಎರಡನೆಯ ಮಾತು ಮಾತ್ರ. ಅಧಿಕಾರಿಗಳ ನೋಟಿಸು ಬಂದ ಮೇಲೆ ಹೆಚ್ಚಿನ ಪಂಚಾಯಿತಿಗಳು ಠರಾವನ್ನು ವಾಪಸು ಪಡೆದವು.

ಗಡಿಯ ತಕರಾರು ಹಳೆಯದು. ಭೋಸಲೆ ಅರಸರ ಅಕ್ಕಲಕೋಟ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗಲೂ ವಚನಕಾರ ಸಿದ್ಧರಾಮನ ಸೊಲ್ಲಾಪುರ ಮೈಸೂರು ರಾಜ್ಯಕ್ಕೆ ಬರಲಿಲ್ಲ. ಅದೇ ಊರಿನ ಕವಯಿತ್ರಿ ಜಯದೇವಿತಾಯಿ ಲಿಗಾಡೆ ಕನ್ನಡದ ಪರವಾಗಿ ಹೋರಾಡಿದರು. ಅಕ್ಕಲಕೋಟ ಕನ್ನಡ ನಾಡಿಗೆ ಸೇರಬೇಕೆಂದು ಗಡಿ ವಿವಾದಕ್ಕಾಗಿ ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಗಡಿ ವಿವಾದವನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು.

ರಾಜ್ಯದ ಗಡಿ ಬದಲಿಸುವುದು ಸಂಸತ್ತಿನ ಕೆಲಸ, ಗ್ರಾಮಸಭೆಯದಲ್ಲ. ಹಾಗಿದ್ದೂ ಊರವರು ಆ ಮಾತು ಯಾಕೆ ಎತ್ತಿದರು?

ಕಾಗದದ ಮೇಲೆ ಮಹಾರಾಷ್ಟ್ರದ ಪಂಚಾಯಿತಿ ವ್ಯವಸ್ಥೆ ಗಟ್ಟಿಯಾಗಿಯೇ ಇದೆ. ವಸಂತರಾವ್ ನಾಯಿಕ ಸಮಿತಿಯ ಸಲಹೆಯಂತೆ 1962ರ ಮೇ 1ರಂದೇ ಜಿಲ್ಲಾ ಪರಿಷತ್ತುಗಳು ಶುರುವಾದವು. 1993ರಲ್ಲಿ ಜಾರಿಗೆ ಬಂದ 73, 74ನೇ ತಿದ್ದುಪಡಿಗಳು ಪಂಚಾಯಿತಿಗೆ ಸಂವಿಧಾನದ ಬಲವನ್ನೂ ಜಿಲ್ಲೆಗೊಂದು ಯೋಜನಾ ಸಮಿತಿಯನ್ನೂ ಕೊಟ್ಟವು. 14ನೇ ಹಣಕಾಸು ಆಯೋಗದ ಹಣ ಬರತೊಡಗಿದ ಮೇಲೆ ‘ಆಮಚಂ ಗಾಂವ್, ಆಮಚಾ ವಿಕಾಸ್’ (ನಮ್ಮ ಊರು, ನಮ್ಮ ಅಭಿವೃದ್ಧಿ) ಹೆಸರಿನಲ್ಲಿ ಊರಿನ ಯೋಜನೆ ಊರೇ ಬರೆಯಬೇಕೆಂದಾಯಿತು.

ಗಡಿಯೂರಿನ ಗ್ರಾಮಸಭೆಯಲ್ಲಿ ಜನ ಜಗಳಾಡುವುದು ಕನ್ನಡದಲ್ಲಿ, ಠರಾವು ಬರೆಯುವುದು ಮರಾಠಿಯಲ್ಲಿ. ಅದನ್ನು ಹೇಗೋ ಸುಧಾರಿಸಿಕೊಳ್ಳಬಹುದು. ತೊಡಕು ಇರುವುದು ಬೇರೆಡೆ. ಊರೊಳಗಿನ ಗಟಾರು, ಬೀದಿದೀಪ ಪಂಚಾಯಿತಿಯ ಕೈಯಲ್ಲಿವೆ. ಊರಿಂದ ಊರಿಗೆ ಹೋಗುವ ರಸ್ತೆ ಜಿಲ್ಲಾ ಪರಿಷತ್ತಿನದು, ದೊಡ್ಡ ರಸ್ತೆ ಸರ್ಕಾರದ್ದು. ಸೊಲ್ಲಾಪುರ ಜಿಲ್ಲಾ ಪರಿಷತ್ತಿನ ಅವಧಿ 2022ರ ಮಾರ್ಚಿನಲ್ಲೇ ಮುಗಿದಿತ್ತು. ಚುನಾವಣೆ ನಡೆಯದೆ ಆಡಳಿತಾಧಿಕಾರಿ ಬಂದು ಕೂತಿದ್ದರು. ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪರಿಷತ್ತು, ನಗರಸಂಸ್ಥೆಗಳ ಚುನಾಯಿತರಿಂದಲೇ ಬರಬೇಕು. ಸೊಲ್ಲಾಪುರ ಮಹಾನಗರಪಾಲಿಕೆಯ ಅವಧಿಯೂ ಅದೇ ಮಾರ್ಚಿನಲ್ಲಿ ತೀರಿತ್ತು. ಅಂದರೆ ಸರಪಂಚರಿಗೂ ಜಿಲ್ಲೆಯ ಉಸ್ತುವಾರಿ ಹೊತ್ತ ಪಾಲಕಮಂತ್ರಿಗೂ ನಡುವೆ ಅಹವಾಲು ಹೊತ್ತೊಯ್ಯಬೇಕಿದ್ದ ಜಿಲ್ಲಾ ಪರಿಷತ್ತಿನ ಚುನಾಯಿತ ಸದಸ್ಯರೇ ಇರಲಿಲ್ಲ.

ಇನ್ನೊಂದು ಸಂಗತಿ. ಮಹಾರಾಷ್ಟ್ರದಲ್ಲಿ 1994ರಿಂದ ಇದ್ದ ಪ್ರಾದೇಶಿಕ ಅಭಿವೃದ್ಧಿ ಮಂಡಳಿಗಳು ಮೂರು: ವಿದರ್ಭ, ಮರಾಠವಾಡಾ, ‘ಉಳಿದ ಮಹಾರಾಷ್ಟ್ರ’. ಅಕ್ಕಲಕೋಟ ಸೇರಿದ್ದು ಮೂರನೆಯದಕ್ಕೆ, ಮುಂಬಯಿ–ಪುಣೆಗಳ ಜೊತೆ. ಆ ಮಹಾನಗರಗಳ ಸಂಪತ್ತು ಸೇರಿದ ಸರಾಸರಿಯಲ್ಲಿ ಗಡಿ ತಾಲೂಕಿನ ಬಡತನ ಕಾಣುವುದಾದರೂ ಹೇಗೆ? 2020ರ ಏಪ್ರಿಲ್‌ನಲ್ಲಿ ಆ ಮಂಡಳಿಗಳ ಅವಧಿಯೂ ತೀರಿತು. ಗಡಿಯಾಚೆಯ ಆಳಂದ, ಅಫಜಲಪುರಗಳಿಗೆ ಮಾತ್ರ ವಿಶೇಷ ಸವಲತ್ತು ಕೊಡುವ ಸಂವಿಧಾನದ 371ಜೆ ವಿಧಿಯ ಆಸರೆಯಿದೆ, ಪ್ರತ್ಯೇಕ ಮಂಡಳಿಯೂ ಅನುದಾನವೂ ಇವೆ. ಪಕ್ಕದ ಊರಿನ ನೆಂಟರ ಮನೆಗೆ ಹೋಗಿ ಬಂದವರು ಹೋಲಿಸಿ ನೋಡದೆ ಇರುತ್ತಾರೆಯೇ?

ಆ ಠರಾವನ್ನು ದ್ರೋಹವೆಂದೋ ಕನ್ನಡಾಭಿಮಾನವೆಂದೋ ಓದಿದವರು ಅರ್ಧ ಓದಿದರು. ಗಡಿಯನ್ನು ಕೋರ್ಟು ನೋಡಿಕೊಳ್ಳಲಿ. ಚುನಾವಣೆ ವೇಳೆಗೆ ಸರಿಯಾಗಿ ನಡೆಯಬೇಕು, ಠರಾವಿನ ಪ್ರತಿ ಕನ್ನಡದಲ್ಲೂ ಸಿಗಬೇಕು, ತಾಲೂಕನ್ನೇ ಲೆಕ್ಕದ ಘಟಕವಾಗಿ ಹಿಡಿದು ಅನುದಾನ ಹಂಚಬೇಕು. ಈ ಮೂರಕ್ಕೂ ಯಾವ ಗಡಿಯನ್ನೂ ಸರಿಸಬೇಕಾಗಿಲ್ಲ.