ಇಪ್ಪತ್ನಾಲ್ಕು ಗಂಟೆಯ ಹೊಣೆ

ಬೆಳಗಿನ ಪಾಳಿ ಶುರುವಾಗುವ ಹೊತ್ತು. ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಡ್ಯೂಟಿ ಮುಗಿಸಿದ ನರ್ಸ್ ಒಂದೊಂದೇ ಹಾಸಿಗೆಯ ಬಳಿ ನಿಂತು ಹ್ಯಾಂಡೋವರ್ ಕೊಡುತ್ತಿದ್ದಾರೆ. ಆರನೇ ಬೆಡ್ಡಿನ ಅಜ್ಜನಿಗೆ ನಡುರಾತ್ರಿ ಜ್ವರ ಏರಿತ್ತು. ಒಂಬತ್ತನೆಯವರಿಗೆ ಇವತ್ತು ಆಪರೇಷನ್, ನೀರನ್ನೂ ಕೊಟ್ಟಿಲ್ಲ. ಹನ್ನೊಂದನೆಯವರಿಗೆ ಡ್ರಿಪ್ ಹಾಕಿದ ಕೈ ಊದಿದೆ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವ ಹಿರಿಯರೊಬ್ಬರು ನಡುವೆ ಪ್ರಶ್ನೆ ಹಾಕುತ್ತಾರೆ: ಮೂತ್ರ ಎಷ್ಟು ಹೋಯಿತು? ಡಾಕ್ಟರಿಗೆ ಎಷ್ಟು ಗಂಟೆಗೆ ಫೋನ್ ಮಾಡಿದಿರಿ? ಬಂದು ನೋಡಿದರಾ? ಅವರೇ ಆ ವಾರ್ಡಿನ ಸಿಸ್ಟರ್ ಇನ್‌ಚಾರ್ಜ್.

ಆಸ್ಪತ್ರೆಗೆ ಹೋಗಿ ಬಂದವರಿಗೆ ವೈದ್ಯರ ಹೆಸರು ನೆನಪಿರುತ್ತದೆ, ಬಿಲ್ಲಿನ ಮೊತ್ತವೂ ನೆನಪಿರುತ್ತದೆ. ಈ ಸಿಸ್ಟರ್ ಯಾರು, ಅವರ ಕೆಲಸವೇನು ಎಂಬುದು ಬಹುತೇಕರಿಗೆ ತಿಳಿಯದು. ವೈದ್ಯರು ದಿನಕ್ಕೆ ಒಂದೆರಡು ಬಾರಿ ರೌಂಡ್ಸ್‌ಗೆ ಬಂದು ಹೋಗುತ್ತಾರೆ. ಮಿಕ್ಕ ಹೊತ್ತೆಲ್ಲ ರೋಗಿ ಇರುವುದು ನರ್ಸುಗಳ ಕಣ್ಣಳತೆಯಲ್ಲಿ. ಆ ಕಣ್ಣು ಯಾವ ಗಳಿಗೆಯಲ್ಲೂ ಮುಚ್ಚದಂತೆ ವ್ಯವಸ್ಥೆ ಮಾಡುವವರು ಸಿಸ್ಟರ್ ಇನ್‌ಚಾರ್ಜ್, ಅವರ ಮೇಲಿನ ಸೂಪರ್‌ವೈಸರ್, ಎಲ್ಲರ ಮೇಲಿನ ನರ್ಸಿಂಗ್ ಸೂಪರಿಂಟೆಂಡೆಂಟ್. ಹಳಬರು ಈಗಲೂ ಇವರನ್ನು ಮೇಟ್ರನ್ ಅನ್ನುತ್ತಾರೆ.

ಡ್ಯೂಟಿ ರೋಸ್ಟರ್ ಬರೆಯುವುದು ಇನ್‌ಚಾರ್ಜ್ ಕೆಲಸಗಳಲ್ಲೊಂದು. ಹೊರಗಿನವರಿಗೆ ಅದು ಬರೀ ಗುಮಾಸ್ತಿಕೆಯಂತೆ ಕಾಣಬಹುದು. ಆದರೆ ಮೊನ್ನೆಯಷ್ಟೇ ಸೇರಿದ ಇಬ್ಬರನ್ನು ಒಂದೇ ರಾತ್ರಿಗೆ ಹಾಕಿದರೆ ಆ ರಾತ್ರಿ ವಾರ್ಡಿನಲ್ಲಿ ಅನುಭವವೇ ಇರುವುದಿಲ್ಲ. ಹೊಸಬಳ ಜೊತೆಗೆ ಯಾರನ್ನು ಹಾಕಬೇಕು, ಉಸಿರಾಟದ ತೊಂದರೆಯಿರುವ ರೋಗಿಯನ್ನು ಯಾರಿಗೆ ಒಪ್ಪಿಸಬೇಕು, ಸತತ ನೈಟ್ ಮಾಡಿ ಸೋತವಳಿಗೆ ಯಾವಾಗ ಬಿಡುವು ಕೊಡಬೇಕು ಎಂಬುದೆಲ್ಲ ಆ ಹಾಳೆಯ ಮೇಲೆಯೇ ತೀರ್ಮಾನವಾಗುತ್ತದೆ. ಇನ್ನು ಅಮಲು ತರುವ ಔಷಧಿಗಳ ಕಪಾಟಿನ ಲೆಕ್ಕ, ತುರ್ತು ಔಷಧಿ-ಸಲಕರಣೆಗಳ ಗಾಡಿಯಾದ ಕ್ರ್ಯಾಶ್ ಕಾರ್ಟಿನ ತಪಾಸಣೆ, ಆಕ್ಸಿಜನ್, ಇಂಡೆಂಟ್, ಬಟ್ಟೆ, ಊಟ, ಅಳುತ್ತಾ ನಿಂತ ಮನೆಯವರು. ಎಲ್ಲ ಸರಿಯಾಗಿ ನಡೆದ ದಿನ ಈ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಹುದ್ದೆಗೆ ಇಂದಿನ ರೂಪ ಬಂದ ಕಥೆಯನ್ನು ಫ್ಲಾರೆನ್ಸ್ ನೈಟಿಂಗೇಲ್‌ರಿಂದ ಶುರುಮಾಡುವುದು ವಾಡಿಕೆ. ಆದರೆ ಶಾಲೆಯ ಪಾಠಗಳಲ್ಲಿ ಕಾಣುವ ದೀಪಧಾರಿಣಿಗಿಂತ ಆಡಳಿತಗಾರ್ತಿ ನೈಟಿಂಗೇಲ್ ಇಲ್ಲಿ ಮುಖ್ಯ. 1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಂದಿಗೆ ಅವರು ಟರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆ ತಲುಪಿದಾಗ ಅಲ್ಲಿ ಗಾಯಕ್ಕಿಂತ ಹೊಲಸಿಗೆ ಬಲಿಯಾಗುತ್ತಿದ್ದ ಸೈನಿಕರೇ ಹೆಚ್ಚು. ಅವರು ಅಡುಗೆಮನೆ ಕಟ್ಟಿಸಿದರು, ಬಟ್ಟೆ ಒಗೆಯುವ ಏರ್ಪಾಡು ಮಾಡಿದರು, ಉಗ್ರಾಣದ ಲೆಕ್ಕ ಹಿಡಿದರು. ಇಷ್ಟಾದರೂ 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ಶೇ 42ಕ್ಕೆ ಏರಿತ್ತು. ಮಾರ್ಚಿನಲ್ಲಿ ಬ್ರಿಟನ್ನಿನಿಂದ ಬಂದ ನೈರ್ಮಲ್ಯ ಆಯೋಗ ಕಟ್ಟಡದಡಿಯ ಚರಂಡಿಗಳನ್ನು ತೊಳೆಸಿ, ಗಾಳಿಯಾಡುವಂತೆ ಮಾಡಿದ ಮೇಲೆ ಜೂನ್ ಹೊತ್ತಿಗೆ ಅದು ಶೇ 2ರ ಆಸುಪಾಸಿಗೆ ಇಳಿಯಿತು. ನೈಟಿಂಗೇಲ್ ಊರಿಗೆ ಮರಳಿ ಈ ಅಂಕಿಗಳನ್ನು ಬಣ್ಣದ ನಕ್ಷೆಗಳಾಗಿಸಿ ಸರ್ಕಾರದ ಮುಂದಿಟ್ಟರು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕಂಡದ್ದನ್ನು ಅಧಿಕಾರದಲ್ಲಿರುವವರಿಗೆ ಲೆಕ್ಕಸಮೇತ ಹೇಳುವುದು ಈ ವೃತ್ತಿಯ ನಾಯಕತ್ವಕ್ಕೆ ಅಂದೇ ಬಿದ್ದ ಅಡಿಪಾಯ.

ಅವರ 1859ರ ಶುಶ್ರೂಷೆಯ ಪುಸ್ತಕದಲ್ಲಿ ಸಣ್ಣಪುಟ್ಟ ಮೇಲ್ವಿಚಾರಣೆಗಾಗಿಯೇ ಮೀಸಲಾದ ಒಂದು ಅಧ್ಯಾಯವಿದೆ. ತಾನು ಎದುರಿಗಿರುವಾಗ ಆಗುವ ಕೆಲಸ ತಾನಿಲ್ಲದಾಗಲೂ ಆಗುವಂತೆ ನೋಡಿಕೊಳ್ಳದಿದ್ದರೆ ಎಂಥ ಒಳ್ಳೆಯ ಆರೈಕೆಯೂ ಹಾಳಾಗಬಹುದು ಎಂಬುದು ಅದರ ತಿರುಳು. ನರ್ಸಿಂಗ್ ನಾಯಕತ್ವದ ಬಗ್ಗೆ ಆಮೇಲೆ ಬಂದ ದಪ್ಪ ಗ್ರಂಥಗಳಲ್ಲಿ ಇದಕ್ಕಿಂತ ಗಟ್ಟಿಯಾದ ಮಾತು ಸಿಗುವುದು ಕಷ್ಟ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ತೆರೆಯಿತು. ಅದನ್ನು ದಿನನಿತ್ಯ ನಡೆಸಿದವರು ಅಲ್ಲಿನ ಮೇಟ್ರನ್ ಸಾರಾ ವಾರ್ಡ್‌ರೋಪರ್. ನರ್ಸುಗಳ ಶಿಸ್ತು, ತರಬೇತಿ, ನೇಮಕ ನರ್ಸಿಂಗ್ ಮುಖ್ಯಸ್ಥೆಯ ಕೈಯಲ್ಲೇ ಇರಬೇಕು ಎಂದು ನೈಟಿಂಗೇಲ್ ಹಟ ಹಿಡಿದಿದ್ದರು.

ಭಾರತದಲ್ಲಿ 1871ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ನರ್ಸುಗಳ ತರಬೇತಿ ಆರಂಭವಾಯಿತು. ನರ್ಸಿಂಗ್ ಸೂಪರಿಂಟೆಂಡೆಂಟರು 1905ರಲ್ಲಿ ಲಖನೌದಲ್ಲಿ ತಮ್ಮದೇ ಸಂಘ ಕಟ್ಟಿದರು. ಅದರ ಬೆನ್ನಿಗೇ 1908ರಲ್ಲಿ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ರೂಪುಗೊಂಡಿತು. ಇಷ್ಟೆಲ್ಲ ಆಗಿಯೂ 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ಲೆಕ್ಕ ಹಾಕಿದಾಗ ಬ್ರಿಟಿಷ್ ಇಂಡಿಯಾದಲ್ಲಿದ್ದವರು ಸುಮಾರು 7,000 ನರ್ಸುಗಳು, ಅಂದರೆ 43,000 ಜನರಿಗೆ ಒಬ್ಬರು. ಮರುವರ್ಷ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಸ್ವತಂತ್ರ ಭಾರತದ ಆರೋಗ್ಯ ಇಲಾಖೆಯಲ್ಲಿ ನರ್ಸಿಂಗ್ ಹೊಣೆ ಹೊತ್ತ ಟಿ.ಕೆ. ಆದ್ರನ್‌ವಾಲಾ ಅವರಂಥವರು ಪಠ್ಯಕ್ರಮ, ನೋಂದಣಿ, ಹುದ್ದೆಗಳ ಚೌಕಟ್ಟನ್ನು ಕಟ್ಟುವ ದೀರ್ಘ ಕೆಲಸಕ್ಕೆ ಕೈಹಾಕಿದ್ದು ಇಂಥ ಬರಗಾಲದಲ್ಲಿ.

ಅದೇ 1946ರಲ್ಲಿ ದೆಹಲಿಯಲ್ಲೂ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. ಕರ್ನಾಟಕದ ಗಡಿಗೆ ಹತ್ತಿರವೇ ಇರುವ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಬಗ್ಗೆ ಇಲ್ಲಿ ತುಸು ನಿಂತು ಹೇಳಬೇಕು. ವೈದ್ಯೆ ಇಡಾ ಸ್ಕಡ್ಡರ್ ಕಟ್ಟಿದ ಈ ಸಂಸ್ಥೆಯಲ್ಲಿ ನರ್ಸಿಂಗ್ ಶಾಲೆ 1909ರಲ್ಲೇ ಶುರುವಾಗಿತ್ತು. ಮಹಿಳೆಯರ ವೈದ್ಯಕೀಯ ಶಾಲೆ ಬಂದದ್ದು 1918ರಲ್ಲಿ. ವೈದ್ಯೆಯರಿಗಿಂತ ಮೊದಲು ನರ್ಸುಗಳನ್ನು ತಯಾರು ಮಾಡಿದ ಊರು ಅದು. ಅಲ್ಲಿನ ಇನ್ನೊಂದು ಹೆಚ್ಚುಗಾರಿಕೆಯೆಂದರೆ ಪಾಠ ಹೇಳುವವರಿಗೂ ವಾರ್ಡಿನ ಹೊಣೆಯುಂಟು. ನಮ್ಮ ಅನೇಕ ಕಡೆ ನರ್ಸಿಂಗ್ ಕಾಲೇಜು ಒಂದು ಲೋಕ, ಆಸ್ಪತ್ರೆ ಇನ್ನೊಂದು ಲೋಕ. ತರಗತಿಯಲ್ಲಿ ಕಲಿತ ವಿಧಾನ ಬೇರೆ, ವಾರ್ಡಿನಲ್ಲಿ ಅವಸರಕ್ಕೆ ರೂಢಿಯಾದದ್ದು ಬೇರೆ ಎಂದು ವಿದ್ಯಾರ್ಥಿಗಳು ಒದ್ದಾಡುತ್ತಾರೆ. ಬೋಧಕಿಯೇ ರೋಗಿಯ ಮುಂದೆಯೂ ನಿಂತರೆ ಈ ಬಿರುಕು ಕಿರಿದಾಗುತ್ತದೆ. ಸರಿಯಾಗಿ ಕೈತೊಳೆಯುವುದನ್ನು ಹೇಳಿಕೊಟ್ಟವರು ತಮ್ಮ ವಾರ್ಡಿನಲ್ಲಿ ಸೋಪಿಲ್ಲದಿದ್ದರೆ ಸುಮ್ಮನಿರಲಾರರು.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಆರಂಭವಾಗಿ, ಅದೇ ದಶಕದಲ್ಲಿ ಮನೋವೈದ್ಯಕೀಯ ನರ್ಸಿಂಗ್ ತರಬೇತಿಗೆ ಕೈಹಾಕಿತು. ಮಾನಸಿಕ ಕಾಯಿಲೆಯ ವಾರ್ಡಿನಲ್ಲಿ ರಕ್ತ ಪರೀಕ್ಷೆಯ ವರದಿಗಿಂತ ನರ್ಸಿನ ಗಮನಿಕೆ ಹೆಚ್ಚು ಹೇಳುತ್ತದೆ: ರೋಗಿ ರಾತ್ರಿ ನಿದ್ದೆ ಮಾಡಿದನೇ, ಊಟ ಬಿಟ್ಟನೇ, ಎರಡು ದಿನದಿಂದ ಯಾರೊಂದಿಗೂ ಮಾತಾಡದವನು ಇವತ್ತು ನಕ್ಕನೇ. ಮೂರು ಪಾಳಿಯ ಇಂಥ ಚೂರುಗಳನ್ನು ಕೂಡಿಸಿ ವೈದ್ಯರ ಮುಂದಿಡುವ ಹಿರಿಯ ನರ್ಸ್ ಇಲ್ಲದಿದ್ದರೆ ಚಿಕಿತ್ಸೆಯೇ ಕುಂಟುತ್ತದೆ.

ಇದೆಲ್ಲ ಸೇವಾಭಾವದ ಮಾತು ಎಂದು ಬದಿಗಿಡುವವರಿಗೆ ಸಂಶೋಧನೆಗಳ ಉತ್ತರವಿದೆ. ಅಮೆರಿಕದ ನರ್ಸ್, ಸಂಶೋಧಕಿ ಲಿಂಡಾ ಐಕೆನ್ ಮತ್ತು ಅವರ ತಂಡ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಯ ದಾಖಲೆ ನೋಡಿ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಿದರೆ ಮೂವತ್ತು ದಿನದೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ ಎಂಬುದು ಅವರ ಲೆಕ್ಕ. ಹಾಗಾಗಿ, ಈ ಪಾಳಿಗೆ ಇನ್ನಿಬ್ಬರು ಬೇಕೇಬೇಕು ಎಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಆಡಳಿತದ ಮುಂದೆ ಪಟ್ಟು ಹಿಡಿದರೆ ಅದನ್ನು ಸಿಬ್ಬಂದಿಯ ದೂರು ಎಂದು ತಳ್ಳಿಹಾಕುವಂತಿಲ್ಲ. ಅವರು ಮಾತಾಡುತ್ತಿರುವುದು ರೋಗಿಯ ಜೀವದ ಪರವಾಗಿ.

ಇನ್ನೊಂದು ಉದಾಹರಣೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯದು. ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆಯಿಂದ ಐಸಿಯು ರೋಗಿಗಳಿಗೆ ಸೋಂಕು ತಗಲುತ್ತಿತ್ತು. ಡಾ. ಪೀಟರ್ ಪ್ರೊನೊವೊಸ್ಟ್ ಐದು ಹೆಜ್ಜೆಗಳ ಸರಳ ಪಟ್ಟಿ ಮಾಡಿದರು. ಪಟ್ಟಿಗಿಂತ ದೊಡ್ಡದು ಅದರ ಜೊತೆಗೆ ಬಂದ ಅಧಿಕಾರ: ವೈದ್ಯರು ಒಂದು ಹೆಜ್ಜೆ ಬಿಟ್ಟರೂ ನರ್ಸ್ ಅವರನ್ನು ತಡೆಯಬಹುದು, ಆಡಳಿತ ನರ್ಸ್ ಬೆನ್ನಿಗೆ ನಿಲ್ಲುತ್ತದೆ. ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಈ ಕ್ರಮ ತಂದಾಗ ಸೋಂಕು ಗಣನೀಯವಾಗಿ ಇಳಿಯಿತೆಂದು 2006ರಲ್ಲಿ ವರದಿಯಾಯಿತು. ‘ಸರ್, ಒಂದು ನಿಮಿಷ, ಕೈ ತೊಳೆದಿಲ್ಲ’ ಎನ್ನುವ ಧೈರ್ಯ ಕಿರಿಯ ನರ್ಸಿಗೆ ತಾನಾಗಿ ಬರುವುದಿಲ್ಲ. ಹೇಳಿದ್ದಕ್ಕೆ ಬೈಸಿಕೊಂಡರೆ ತನ್ನ ಇನ್‌ಚಾರ್ಜ್ ಪಕ್ಕದಲ್ಲಿ ನಿಲ್ಲುತ್ತಾರೆಂಬ ನಂಬಿಕೆ ಅದಕ್ಕೆ ಬೇಕು.

ಈ ನಂಬಿಕೆ ಸತ್ತರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆ ತೋರಿಸಿತು. 2005ರಿಂದ 2009ರವರೆಗೆ ಅಲ್ಲಿ ಹಣ ಉಳಿಸುವ ಭರದಲ್ಲಿ ಸಿಬ್ಬಂದಿ ಕಡಿತವಾಗಿತ್ತು. ರೋಗಿಗಳು ಕೈಗೆಟುಕದ ನೀರಿನ ಲೋಟ ನೋಡುತ್ತ ಬಾಯಾರಿದರು, ಕೊಳೆಯಾದ ಹಾಸಿಗೆಯಲ್ಲೇ ಮಲಗಿದರು. ರಾಬರ್ಟ್ ಫ್ರಾನ್ಸಿಸ್ ನೇತೃತ್ವದ ಸಾರ್ವಜನಿಕ ವಿಚಾರಣೆ 2013ರಲ್ಲಿ 290 ಶಿಫಾರಸುಗಳನ್ನು ಕೊಟ್ಟಿತು. ವಾರ್ಡಿನ ಮುಖ್ಯ ನರ್ಸ್ ಕಚೇರಿಯ ಕಾಗದಪತ್ರಗಳಲ್ಲಿ ಹೂತುಹೋಗದೆ ವಾರ್ಡಿನಲ್ಲೇ ಇದ್ದು ಮೇಲ್ವಿಚಾರಣೆ ಮಾಡಬೇಕೆಂಬುದು ಅವುಗಳಲ್ಲೊಂದು. ನಮ್ಮ ಆಸ್ಪತ್ರೆಗಳಿಗೂ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಇಲ್ಲಿಯೂ ಇನ್‌ಚಾರ್ಜ್‌ಗಳ ದಿನ ರಿಜಿಸ್ಟರು, ಇಂಡೆಂಟು, ಆಡಿಟ್ಟುಗಳಲ್ಲೇ ಕರಗುವುದುಂಟು.

ಹೀಗಿರುವಾಗ ಒಳ್ಳೆಯ ನರ್ಸಿಂಗ್ ಮುಖ್ಯಸ್ಥೆಯ ಮೌಲ್ಯಗಳನ್ನು ಗೋಡೆಯ ಫಲಕದಲ್ಲಿ ಹುಡುಕಬೇಕಿಲ್ಲ. ತಪ್ಪು ಔಷಧಿ ಕೊಟ್ಟ ನರ್ಸ್ ಬಂದು ಹೇಳಿಕೊಂಡಾಗ ಅವರು ಮೊದಲು ರೋಗಿಯತ್ತ ಓಡುತ್ತಾರೋ, ಬೈಯುವುದಕ್ಕೆ ನಿಲ್ಲುತ್ತಾರೋ? ಒಂದೇ ಥರ ಕಾಣುವ ಎರಡು ಸೀಸೆಗಳನ್ನು ಮರುದಿನವೇ ಬೇರೆ ಬೇರೆ ಕಪಾಟಿನಲ್ಲಿ ಇಡಿಸುತ್ತಾರೋ? ವಾರ್ಡ್ ಅಟೆಂಡರನ್ನೂ ಹೆಸರು ಹಿಡಿದು ಮಾತಾಡಿಸುತ್ತಾರೋ? ಪ್ರಾಮಾಣಿಕತೆ, ನ್ಯಾಯ, ಘನತೆ ಎಂಬ ದೊಡ್ಡ ಪದಗಳೆಲ್ಲ ಇಂಥ ಗಳಿಗೆಗಳಲ್ಲೇ ಪರೀಕ್ಷೆಗೆ ಬೀಳುತ್ತವೆ.

ಇಷ್ಟು ಹೊಣೆ ಹೊತ್ತವರಿಗೆ ತೀರ್ಮಾನದ ಮೇಜಿನಲ್ಲಿ ಸಿಕ್ಕ ಜಾಗ ಮಾತ್ರ ಕಿರಿದು. ನಮ್ಮ ದೇಶದಲ್ಲಿ ಸರೋಜಿನಿ ವರದಪ್ಪನ್ ಅಧ್ಯಕ್ಷತೆಯಲ್ಲಿ 1987ರಲ್ಲಿ ರಚನೆಯಾದ ಉನ್ನತಾಧಿಕಾರ ಸಮಿತಿ ಅಂದೇ ನರ್ಸುಗಳ ಕೆಲಸದ ಸ್ಥಿತಿಗತಿಯನ್ನು ಕೂಲಂಕಷವಾಗಿ ಪರಿಶೀಲಿಸಿತ್ತು. ಈ ಕೊರತೆ ನಮ್ಮಲ್ಲಷ್ಟೇ ಅಲ್ಲ: ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಗೆ ಮಾಹಿತಿ ನೀಡಿದ 115 ದೇಶಗಳಲ್ಲಿ 82ರಲ್ಲಿ ಮಾತ್ರ ರಾಷ್ಟ್ರಮಟ್ಟದ ಮುಖ್ಯ ನರ್ಸಿಂಗ್ ಅಧಿಕಾರಿಯ ಹುದ್ದೆಯಿತ್ತು. ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಗೆ ಹೊರರಾಜ್ಯಗಳಿಂದಲೂ, ಮುಖ್ಯವಾಗಿ ಕೇರಳದಿಂದ, ಮಕ್ಕಳು ಬಂದು ಕಲಿಯುತ್ತಾರೆ. ಕಲಿತವರಲ್ಲಿ ಅನೇಕರು ಕೊಲ್ಲಿ ದೇಶಗಳಿಗೋ ಬ್ರಿಟನ್ನಿಗೋ ಹೊರಡುತ್ತಾರೆ. ಸಂಬಳ ಒಂದು ಕಾರಣ. ಹತ್ತು ಹದಿನೈದು ವರ್ಷ ದುಡಿದರೂ ಮುಂದಿನ ಮೆಟ್ಟಿಲು ಕಾಣದಿರುವುದು ಇನ್ನೊಂದು. ನರ್ಸಿಂಗ್ ನಾಯಕಿ ಒಂದು ಕೋರ್ಸಿನಲ್ಲಿ ತಯಾರಾಗುವುದಿಲ್ಲ, ವಾರ್ಡಿನಲ್ಲಿ ವರ್ಷಗಟ್ಟಲೆ ಮಾಗಬೇಕು. ಮಾಗುವ ಹೊತ್ತಿಗೆ ಅವರನ್ನು ಕಳೆದುಕೊಳ್ಳುವುದು ನಮ್ಮ ಆಸ್ಪತ್ರೆಗಳಿಗೆ ನಿಜವಾದ ನಷ್ಟ.

2023ರಲ್ಲಿ ಸಂಸತ್ತು 1947ರ ಹಳೆಯ ಕಾಯ್ದೆಯ ಬದಲಿಗೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ತಂದಿದೆ. ಆಯೋಗದ ಅಧ್ಯಕ್ಷರು ನರ್ಸಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕನಿಷ್ಠ ಇಪ್ಪತ್ತು ವರ್ಷ ಈ ಕ್ಷೇತ್ರದಲ್ಲಿ ದುಡಿದವರೇ ಆಗಿರಬೇಕೆಂದು ಅದು ಹೇಳುತ್ತದೆ. ರಾಜ್ಯಗಳಿಗೂ ತಮ್ಮ ತಮ್ಮ ಆಯೋಗ ರಚಿಸುವ ಹೊಣೆಯಿದೆ.

ಕಾಯ್ದೆಯ ಫಲ ವಾರ್ಡಿಗೆ ಇಳಿಯಲು ಸಮಯ ಬೇಕು. ಅಲ್ಲಿಯವರೆಗೂ ಓದುಗರು ಮಾಡಬಹುದಾದದ್ದೊಂದಿದೆ. ಮನೆಯವರು ಆಸ್ಪತ್ರೆಯಲ್ಲಿರುವಾಗ ವೈದ್ಯರ ಜೊತೆಗೆ ವಾರ್ಡಿನ ಇನ್‌ಚಾರ್ಜ್ ಯಾರೆಂದೂ ಕೇಳಿ ತಿಳಿದುಕೊಳ್ಳಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿಗೆಂದೇ ನೈಟ್ ಸೂಪರ್‌ವೈಸರ್ ಇರುತ್ತಾರೆ. ರೋಗಿಯ ಉಸಿರಾಟ ಬದಲಾದಂತೆ ಕಂಡರೆ, ಕರೆದರೂ ಯಾರೂ ಬಾರದಿದ್ದರೆ, ಕೊಟ್ಟ ಮಾತ್ರೆಯ ಬಗ್ಗೆ ಅನುಮಾನ ಬಂದರೆ ಸಂಕೋಚಪಡದೆ ಅವರನ್ನು ಕರೆಸಬಹುದು. ಅವರನ್ನು ಅಲ್ಲಿ ನೇಮಿಸಿರುವುದೇ ಅದಕ್ಕೆ.